ಜುರಾನ್ಸೋಂ ವೈನೂ ಅಪ್ಪನ ಪಂಚೇನೂ

ನೀವು ಇದನ್ನ ನಂಬಲ್ಲ. ಪರವಾಗಿಲ್ಲ, ನನ್ ಫ್ರೆಂಡ್ಸೂ ನಂಬಿಲ್ಲ. ಅವರಿಗೆ ಹೇಳುವಾಗ ನಾನು ಸ್ವಲ್ಪ ಜಾಸ್ತಿ ಸೇರಿಸಿದ್ದೆ, ಒಪ್ಕೋತೀನಿ. ಅವರಿಗೆ ಇನ್ನೂರು ಗ್ಲಾಸು ಅಂದಿದ್ದೆ. ನಿಜವಾಗ್ಲೂ ಇದ್ದಿದ್ದು ನಲವತ್ತೆಂಟು. ಆದ್ರೆ ನಲವತ್ತೆಂಟು ವೈನ್ ಗ್ಲಾಸನ್ನ ಒಂದೇ ದಿನ ಎರಡೆರಡು ಸಲ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದವರಿಗೆ ಗೊತ್ತಿರತ್ತೆ, ಅದು ಇನ್ನೂರೇ. ಈಗ ಟೈಪ್ ಮಾಡ್ತಿರೋದೂ ಒಂಬತ್ತು ಬೆರಳಲ್ಲಿ. ಹತ್ತನೇದರ ಕಥೆ ಮುಂದೆ ಬರತ್ತೆ.

ನನಗೆ ಹದಿನೇಳು. ಲಂಡನ್ ಅಂಚಿನ ಇಲ್ಫರ್ಡಲ್ಲಿ ಮನೆ. ಅಮ್ಮ ಆಸ್ಪತ್ರೆ ಡಾಕ್ಟರು, ಅಪ್ಪ ಸದಾ ಲ್ಯಾಪ್‌ಟಾಪು. ಈ ಚಳಿಗಾಲದಲ್ಲಿ ಪ್ರತಿ ಶನಿವಾರ ನಾನು ಲೈಬ್ರರಿಗೆ ಹೋಗಿ ಕೆಮಿಸ್ಟ್ರಿ ಓದ್ತಿದ್ದೆ. ಅಂದ್ರೆ ಮನೇಲಿ ಹಾಗೆ ಹೇಳಿದ್ದೆ. ಹೋಗ್ತಿದ್ದಿದ್ದು ರೈಲ್ವೆ ಹಳಿ ಪಕ್ಕದ ಒಂದು ವೈನ್ ಗೋಡೌನಿಗೆ. ಪೆಟ್ಟಿಗೆ ಎತ್ತೋದು, ಲೇಬಲ್ ಅಂಟಿಸೋದು, ಗ್ಲಾಸ್ ಒರೆಸೋದು. ಕುಡಿಯೋದು ಮಾತ್ರ ಇಲ್ಲ. ಹದಿನೆಂಟಾಗೋ ತನಕ ಒಂದು ತೊಟ್ಟೂ ನಾಲಿಗೆಗೆ ತಾಗೋ ಹಾಗಿಲ್ಲ ಅಂತ ಮೊದಲನೇ ದಿನವೇ ಬಾಸ್ ಹೇಳಿದ್ರು. ಮೂಸಬಹುದು. ಹಾಗಾಗಿ ಮೂರು ತಿಂಗಳು ನಾನು ಮೂಸಿದೆ.

ಮೂಸೋದ್ರಲ್ಲಿ ನಾನು ಎಕ್ಸ್‌ಪರ್ಟು. ಮೂರು ಸಲ ಬಾಸ್ ಗ್ಲಾಸ್ ಕೊಟ್ಟು "ಯಾವ ದ್ರಾಕ್ಷಿ ಹೇಳು" ಅಂದಾಗ ಮೂರು ಸಲವೂ ಕರೆಕ್ಟಾಗಿ ಹೇಳಿದ್ದೆ. ಅದರಲ್ಲಿ ಎರಡು ಸಲ ಲೇಬಲ್ ಕಾಣಿಸ್ತಿತ್ತು. ಆದ್ರೆ ಬಾಸ್‌ಗೆ ಅದು ಗೊತ್ತಿಲ್ಲ. ಅವರು ಬಂದವರಿಗೆಲ್ಲ "ಈ ಹುಡುಗಿ ಮೂಗು ನೋಡಿ, ನನ್ನ ಮೂಗಿಗಿಂತ ಚುರುಕು" ಅಂತಿದ್ರು. ನಾನೂ ಬೇಡ ಅನ್ನೋಕೆ ಹೋಗ್ಲಿಲ್ಲ.

ಬಾಸ್ ಐವತ್ತೈದು ದಾಟಿದ ಇಂಗ್ಲಿಷ್ ಹೆಂಗಸು. ನನ್ನ, ಪಾರ್ಸೆಲ್ ತರೋನ್ನ, ಪಾರ್ಕಿಂಗ್ ಫೈನ್ ಹಾಕೋನ್ನ, ಎಲ್ಲರನ್ನೂ "ಲವ್" ಅಂತ್ಲೇ ಕರೆಯೋದು. ಕಂಪನಿ ಅಂದ್ರೆ ಅವರೊಬ್ಬರೇ. ವ್ಯಾನ್ ಓಡಿಸೋದು, ವೈನ್ ತರೋದು, ಮಾರೋದು ಎಲ್ಲ ಅವರೇ. ಹಿಂದಿನ ವರ್ಷ ಒಂದು ಜ್ವರ ಬಂದು ನಾಲ್ಕು ತಿಂಗಳು ಅವರ ಮೂಗಿಗೆ ಏನೂ ಗೊತ್ತಾಗ್ತಿರಲಿಲ್ವಂತೆ. ಕಾಫಿಗೂ ಬಿಸಿನೀರಿಗೂ ವ್ಯತ್ಯಾಸ ಇಲ್ಲ. ವೈನ್ ಮಾರೋರಿಗೆ ಮೂಗು ಹೋದ್ರೆ ಟೈಲರ್‌ಗೆ ಕಣ್ಣು ಹೋದ ಹಾಗೆ. ಆಮೇಲೆ ನಿಧಾನಕ್ಕೆ ವಾಪಸ್ ಬಂತು. ಆದ್ರೂ ದಿನಾ ಬೆಳಗ್ಗೆ ಬಂದ ತಕ್ಷಣ ಕಾಫಿ ಡಬ್ಬ ತೆಗೆದು ಮೂಸಿ, "ಇದೆ" ಅಂತ ತಮಗೆ ತಾವೇ ಹೇಳ್ಕೊಂಡು ಕೆಲಸ ಶುರು ಮಾಡೋರು.

ಅವರು ತರೋದ್ರಲ್ಲಿ ಅವರಿಗೆ ಪ್ರಾಣ ಅಂದ್ರೆ ಒಂದೇ ವೈನು. ಫ್ರಾನ್ಸಿನ ಕೆಳಗಡೆ ಮೂಲೇಲಿ, ಸ್ಪೇನ್ ಬಾರ್ಡರಿನ ಬೆಟ್ಟಗಳ ಬುಡದಲ್ಲಿ ಜುರಾನ್ಸೋಂ ಅಂತ ಒಂದು ಪುಟ್ಟ ಸೀಮೆ. ಅಲ್ಲಿ ಆ ಹೆಸರಲ್ಲಿ ಮಾಡೋದು ಬಿಳಿ ವೈನ್ ಮಾತ್ರ. ಎರಡು ಮುಖ್ಯ ದ್ರಾಕ್ಷಿ. ಗ್ರೋ ಮಾನ್ಸಾಂಗ್ ಅಂದ್ರೆ ದೊಡ್ಡದು, ಪೆಟಿ ಮಾನ್ಸಾಂಗ್ ಅಂದ್ರೆ ಚಿಕ್ಕದು. ಅಕ್ಕ ತಂಗಿ ಅಂತ ಇಟ್ಕೊಳ್ಳಿ. ಅಕ್ಕನಿಂದ ಸಿಹಿ ಇಲ್ಲದ ವೈನು, ತಂಗಿಯಿಂದ ಸಿಹಿ ವೈನು. ತಂಗಿಗೆ ದಪ್ಪ ಚರ್ಮ. ಎಲ್ಲ ಕಡೆ ಸುಗ್ಗಿ ಮುಗಿದು ಜನ ಕೋಟ್ ಹಾಕ್ಕೊಂಡ ಮೇಲೂ ಅದನ್ನ ಬಳ್ಳೀಲೇ ಬಿಟ್ಟಿರ್ತಾರೆ. ಬೆಟ್ಟದ ಕಡೆಯಿಂದ ಬಿಸಿ ಗಾಳಿ ಬೀಸಿ ಬೀಸಿ ಅದು ಅಲ್ಲೇ ಸುಕ್ಕಾಗತ್ತೆ. ಒಂದೇ ಸಲಕ್ಕೆ ಕೀಳೋ ಹಾಗಿಲ್ಲ. ಅದೇ ಸಾಲಿಗೆ ಎರಡು ಸಲ, ಮೂರು ಸಲ ಹೋಗಿ, ಪ್ರತಿ ಸಲವೂ ಸಾಕಷ್ಟು ಸುಕ್ಕಾಗಿರೋದನ್ನ ಮಾತ್ರ ಆರಿಸಿ ಕೀಳಬೇಕು. ಇದನ್ನ ಬಾಸ್ ನನಗೆ ಕನಿಷ್ಠ ನೂರು ಸಲ ಹೇಳಿದಾರೆ. ಸರಿ, ಒಂಬತ್ತು ಸಲ.

ಬೆಳೆಯೋದು ಎಪ್ಪತ್ತು ದಾಟಿದ ಒಬ್ಬ ತಾತ. ಬಾಸ್‌ಗೆ ಅವರು ಇಪ್ಪತ್ತು ವರ್ಷದ ಸ್ನೇಹ. ತೊಂದರೆ ಏನಂದ್ರೆ ಇಲ್ಲಿ ಯಾರೂ ಆ ವೈನ್ ಕೇಳಲ್ಲ. ಗೋಡೌನಲ್ಲಿ ಪೆಟ್ಟಿಗೆಗಳು ಹಾಗೇ ಕೂತಿದ್ವು. ಅಂಥ ಹೊತ್ತಲ್ಲಿ ಈಸ್ಟ್ ಹ್ಯಾಮಿನ ಒಂದು ಸೌತ್ ಇಂಡಿಯನ್ ಹೋಟೆಲ್ ಓನರ್ ಫೋನ್ ಮಾಡಿದ್ರು. ಅವರಿಗೆ ಮೂರು ಹೋಟ್ಲು. ಹೊಸ ಮೆನು ಮಾಡ್ತಿದಾರೆ, ಮೊದಲನೇ ಸಲ ವೈನ್ ಇಡೋಣ್ವಾ ಅಂತ ಯೋಚನೆ. ಬರೋ ಶನಿವಾರ ಮಧ್ಯಾಹ್ನ ಮೂರಕ್ಕೆ ಅವರೂ ಅವರ ಏಳು ಜನ ಪಾರ್ಟ್ನರ್‌ಗಳೂ ಮಹಡಿ ರೂಮಲ್ಲಿ ಕೂತು ರುಚಿ ನೋಡ್ತಾರೆ.

"ಅವರು ಹೂಂ ಅಂದ್ರೆ ತಾತನ ಮುಂದಿನ ವರ್ಷದ ಬೆಳೆ ಪೂರ್ತಿ ತಗೋತೀನಿ" ಅಂದ್ರು ಬಾಸ್. "ಇಲ್ಲ ಅಂದ್ರೆ ಇದನ್ನ ತರೋದು ನಿಲ್ಲಿಸ್ತೀನಿ ಲವ್. ಗೋಡೌನೂ ಬಿಡ್ತೀನಿ. ನನಗೂ ಸಾಕಾಗಿದೆ."

ಅವರು ಅದನ್ನ ಅಳುಮುಖ ಮಾಡ್ಕೊಂಡೇನೂ ಹೇಳ್ಲಿಲ್ಲ. ಟೇಪ್ ಹರೀತಾ ಹೇಳಿದ್ರು. ಅದಕ್ಕೇ ನನಗೆ ಭಯ ಆಯ್ತು.

ಎಂಟು ಜನ, ಐದು ವೈನು, ಅಂದ್ರೆ ನಲವತ್ತು ಗ್ಲಾಸು. ಒಡೆದ್ರೆ ಇರ್ಲಿ ಅಂತ ಇನ್ನೆಂಟು. ವೈನ್ ಗ್ಲಾಸ್ ಒರೆಸೋಕೆ ಒಂದು ರೂಲಿದೆ. ಬಟ್ಟೆ ನಾರು ಬಿಡಬಾರದು, ಮತ್ತೆ ಅದಕ್ಕೆ ಯಾವ ವಾಸನೇನೂ ಇರಬಾರದು. ಇದ್ರೆ ಅದು ಗ್ಲಾಸಿಗೆ ಅಂಟಿ, ಗ್ಲಾಸಿಂದ ವೈನಿಗೆ ಹೋಗತ್ತೆ. ಸಹಾಯಕ್ಕೆ ಅಂತ ಗುರುವಾರ ಸ್ಕೂಲ್ ಮುಗಿಸಿ ಗೋಡೌನಿಗೆ ಹೋದ್ರೆ, ಬಾಸ್ ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ಲಾಂಡ್ರಿಯವನು ಲ್ಯಾವೆಂಡರ್ ಸೋಪಲ್ಲಿ ಒಗೆದು ಕಳಿಸಿದ್ದ. ಬಾಸ್ ಆ ಚೀಲ ತೆರೆದು, ಮುಚ್ಚಿ, ಅಲ್ಲೇ ನೆಲದ ಮೇಲೆ ಕೂತುಬಿಟ್ರು.

ನಾನು ಸುಮ್ನಿರಬೇಕಿತ್ತು.

"ನನ್ ಹತ್ರ ಬಟ್ಟೆ ಇದೆ" ಅಂದೆ. "ಇಂಡಿಯನ್ ಹ್ಯಾಂಡ್‌ಲೂಮ್ ಕಾಟನ್. ನಮ್ಮೂರಿನ ಅರಮನೇಲಿ ಬೆಳ್ಳಿ ಸಾಮಾನು ಒರೆಸೋದೇ ಅದರಲ್ಲಿ."

ನಮ್ಮೂರು ಮೈಸೂರು. ಅರಮನೆ ಇರೋದು ನಿಜ. ಅಲ್ಲಿ ಬೆಳ್ಳಿ ಯಾವುದರಲ್ಲಿ ಒರೆಸ್ತಾರೋ ಯಾರಿಗ್ಗೊತ್ತು. ನನ್ನ ತಲೇಲಿದ್ದಿದ್ದು ಅಪ್ಪನ ಪಂಚೆ. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲಿ ಹೋದ್ರೂ ಅಪ್ಪನಿಗೆ ಒಂದು ಪಂಚೆ ಕೊಟ್ಟು ಕಳಿಸ್ತಾರೆ. ಅಪ್ಪ ಉಡೋದು ಟ್ರ್ಯಾಕ್ ಪ್ಯಾಂಟು. ವಾರ್ಡ್‌ರೋಬಿನ ಅಡೀಲಿ ನಮ್ಮ ತಾತನ ಕಾಲದ ಐದು ಹಳೇ ಪಂಚೆ ಇದ್ವು, ಒಗೆದು ಒಗೆದು ಬೆಣ್ಣೆ ಥರ ಆಗಿದ್ವು. ಶುಕ್ರವಾರ ಸಂಜೆ ಅಪ್ಪ ಮೀಟಿಂಗಲ್ಲಿದ್ದಾಗ ಐದನ್ನೂ ಎಳೆದು, ಬಾಗಿಲು ಹಾಕ್ಕೊಂಡು, ಚೌಕ ಚೌಕ ಕತ್ತರಿಸಿದೆ. ಜರಿ ಅಂಚು ತೆಗೆದುಬಿಟ್ಟೆ. ಒಂದನ್ನ ಮೂಗಿಗೆ ಹಿಡಿದು ನೋಡಿದೆ. ಏನೂ ವಾಸನೆ ಇಲ್ಲ. ಸುಮ್ನೆ ಬಟ್ಟೆ ವಾಸನೆ. ಮನೆ ವಾಸನೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ಈಸ್ಟ್ ಹ್ಯಾಮ್ ಹೋಟ್ಲಿಗೆ ಹೋದೆ. ಬಾಸ್ ವ್ಯಾನಲ್ಲಿ ಗ್ಲಾಸ್ ಇಳಿಸಿ, ವೈನ್ ತರೋಕೆ ವಾಪಸ್ ಹೋದ್ರು. ಮಹಡಿ ರೂಮಿನ ಪಕ್ಕ ಒಂದು ಸಣ್ಣ ಸಿಂಕ್. ಬಿಸಿನೀರು, ಒಂದೊಂದೇ ಗ್ಲಾಸು, ಅಲ್ಲಾಡಿಸಿ, ಬಗ್ಗಿಸಿ, ಪಂಚೆ ಚೂರು ಒಳಗೆ ತುರುಕಿ ಬೆರಳಿಂದ ತಿರುಗಿಸಿ, ಹೊರಗೆ ಒಂದು ಸುತ್ತು, ಗ್ಲಾಸಿನ ಸಣ್ಣ ಕಾಲಿಗೆ ಒಂದು ಎಳೆತ, ಬೆಳಕಿಗೆ ಹಿಡಿದು ಒಂದು ನೋಟ. ಒಂದಕ್ಕೆ ಎರಡು ನಿಮಿಷ. ನೀವೇ ಲೆಕ್ಕ ಹಾಕಿ, ನನ್ನ ಕೈಲಾಗಲ್ಲ. ಮುಗಿಯೋ ಹೊತ್ತಿಗೆ ನನ್ನ ಬೆನ್ನು ನಮ್ಮಜ್ಜಿ ಬೆನ್ನಾಗಿತ್ತು. ಆದ್ರೆ ಗ್ಲಾಸ್ ನೋಡ್ಬೇಕಿತ್ತು. ಇದೆಯೋ ಇಲ್ವೋ ಗೊತ್ತಾಗದಷ್ಟು ಹೊಳೀತಿದ್ವು. ಪಂಚೆ ಚೂರನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಬ್ಯಾಗಿಗೆ ಹಾಕ್ಕೊಂಡೆ.

ಹನ್ನೆರಡೂವರೆಗೆ ಬಾಸ್ ಬಂದ್ರು. ಗ್ಲಾಸ್ ನೋಡಿ "ಅರಮನೆ ಬಟ್ಟೇನಾ? ವಾಹ್!" ಅಂದ್ರು. ಆಮೇಲೆ ಬಾಟ್ಲಿ ಪರೀಕ್ಷೆ. ಟೇಸ್ಟಿಂಗಿಗೆ ಮುಂಚೆ ಪ್ರತಿ ಬಾಟ್ಲೀನೂ ತೆಗೆದು, ಸ್ವಲ್ಪ ಸುರಿದು ಮೂಸಬೇಕು. ಕೆಲವು ಸಲ ಕಾರ್ಕ್ ಕೆಟ್ಟು ವೈನಿಗೆ ಒದ್ದೆ ರಟ್ಟಿನ ಥರ ವಾಸನೆ ಬರತ್ತೆ. ಅಂಥದ್ದನ್ನ ಪಕ್ಕಕ್ಕಿಡ್ತಾರೆ.

ಮೊದಲನೇ ಬಾಟ್ಲಿ, ಗ್ರೋ ಮಾನ್ಸಾಂಗ್. ಬಾಸ್ ಮೂಸಿದ್ರು. ಹುಬ್ಬು ಕೂಡಿತು. ಪಕ್ಕಕ್ಕಿಟ್ರು.

ಎರಡನೇದು. ಪಕ್ಕಕ್ಕಿಟ್ರು.

ಮೂರನೇದು ಸಿಹಿ ವೈನು. ಮೂಸಿ, ಗ್ಲಾಸ್ ಕೆಳಗಿಟ್ಟು, ಕಿಟಕಿ ತೆಗೆದು, ಹೊರಗೆ ಮೂಗು ಹಾಕಿ ಉಸಿರೆಳೆದುಕೊಂಡು ಬಂದು ಮತ್ತೆ ಮೂಸಿದ್ರು. "ನೀನು ನೋಡು ಲವ್" ಅಂತ ನನಗೆ ಕೊಟ್ರು.

ನಾನು ಸ್ಟೈಲಾಗಿ ಗ್ಲಾಸ್ ತಿರುಗಿಸಿದೆ. ಕಣ್ಣು ಮುಚ್ಚಿದೆ. "ಅನಾನಸ್. ಜೇನುತುಪ್ಪ. ಹಿಂದೆ ಸ್ವಲ್ಪ ಕಿತ್ತಳೆ ಸಿಪ್ಪೆ."

"ಬೇರೇನೂ ಇಲ್ವಾ? ಒಂಥರಾ... ಮುಚ್ಚಿಟ್ಟ ವಾಸನೆ? ಔಷಧಿ ಥರ?"

"ಇಲ್ವಲ್ಲ."

"ಗ್ಲಾಸ್ ಒರೆಸಿದ ಬಟ್ಟೆಗೆ ವಾಸನೆ ಇರಲಿಲ್ಲ ತಾನೆ?"

"ಚಾನ್ಸೇ ಇಲ್ಲ" ಅಂದೆ. "ನಾನೇ ಮೂಸಿ ನೋಡಿದೀನಿ."

ನಾನು ಮೂಸಿದ್ದು ಅಂದ ಮೇಲೆ ಮುಗೀತು. ಅವರು ಇನ್ನೊಂದು ಖಾಲಿ ಗ್ಲಾಸ್ ತಗೊಂಡು ಮೂಸಿದ್ರು. ಇನ್ನೊಂದು. ಅದರ ಪಕ್ಕದ್ದು. ಆಮೇಲೆ ನಿಧಾನಕ್ಕೆ ಒಂದು ಕುರ್ಚಿ ಎಳ್ಕೊಂಡು ಕೂತ್ರು.

"ಖಾಲಿ ಗ್ಲಾಸಲ್ಲೂ ಅದೇ ಬರ್ತಿದೆ" ಅಂದ್ರು. "ನಿನಗೆ ಏನೂ ಬರ್ತಿಲ್ಲ. ಅಂದ್ರೆ ಇದು ನನ್ನ ಮೂಗು. ಮತ್ತೆ ಶುರುವಾಗಿದೆ."

ಆವಾಗ ಅವರ ಮುಖ ನೋಡೋಕಾಗ್ಲಿಲ್ಲ. ನಾನು ಟೇಬಲ್ ಕ್ಲಾತ್ ನೇರ ಮಾಡೋ ಹಾಗೆ ನಾಟಕ ಮಾಡಿದೆ. ಅದು ಮೊದಲೇ ನೇರ ಇತ್ತು.

ಆ ಹೊತ್ತಿಗೆ ಸರಿಯಾಗಿ ಹೋಟ್ಲಿನ ಅಡುಗೆ ಭಟ್ರು ಮೇಲೆ ಬಂದ್ರು. ಉಡುಪಿ ಕಡೆಯವರು, ಇಂಗ್ಲಿಷ್ ಅಷ್ಟಕ್ಕಷ್ಟೇ. ಟೇಸ್ಟಿಂಗ್ ಜೊತೆ ಇಡೋಕೆ ಏನೇನು ತಿಂಡಿ ಮಾಡ್ಲಿ ಅಂತ ಕೇಳೋಕೆ ಬಂದವರು ಸುಮ್ನೆ ಕುತೂಹಲಕ್ಕೆ ಒಂದು ಖಾಲಿ ಗ್ಲಾಸ್ ಎತ್ತಿ ಮೂಸಿದ್ರು.

"ಎಂಥ ಮಾರಾಯ್ತಿ ಇದು?" ಅಂದ್ರು ನನಗೆ. "ಗ್ಲಾಸಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದಾ? ನಮ್ಮ ಅಮ್ಮನ ಪೆಟ್ಟಿಗೆಯಿಂದ ಪಟ್ಟೆ ಸೀರೆ ತೆಗೆದ ಹಾಗೆ ಉಂಟು."

ನಾನು ಬ್ಯಾಗನ್ನ ಕಾಲಲ್ಲಿ ಟೇಬಲ್ ಕೆಳಗೆ ತಳ್ಳಿದೆ.

ನುಸಿಗುಳಿಗೆ ಗೊತ್ತಲ್ಲ, ಬಟ್ಟೆ ಮಧ್ಯೆ ಇಡ್ತಾರಲ್ಲ, ಬಿಳೀ ಉಂಡೆ. ಇಲ್ಲಿ ಆ ಥರದ್ದು ಮಾರೋ ಹಾಗೇ ಇಲ್ಲ. ಆದ್ರೆ ನಮ್ಮಜ್ಜಿ ಪ್ರತಿ ಸಲ ಮೈಸೂರಿಂದ ಬರುವಾಗ ಚಟ್ನಿಪುಡಿ ಪಕ್ಕದಲ್ಲೇ ಎರಡು ಪ್ಯಾಕೆಟ್ ತರ್ತಾರೆ. ನಮ್ಮ ವಾರ್ಡ್‌ರೋಬಿನ ಪ್ರತಿ ಮೂಲೇಲೂ, ಪ್ರತಿ ಸೂಟ್‌ಕೇಸಲ್ಲೂ, ಅಮ್ಮನ ರೇಷ್ಮೆ ಸೀರೆ ಮಡಿಕೆಗಳಲ್ಲೂ ಅದಿದೆ. ನನ್ನ ಸ್ಕೂಲ್ ಬ್ಲೇಜರ್ ಜೇಬಲ್ಲಿ ಒಂದ್ಸಲ ಸಿಕ್ಕಿತ್ತು, ಫ್ರೆಂಡ್ ಒಬ್ಬಳು ಪೆಪ್ಪರ್‌ಮಿಂಟ್ ಅನ್ಕೊಂಡಿದ್ಲು. ಹುಟ್ಟಿದಾಗಿಂದ ಅದರೊಳಗೇ ಬೆಳೆದವಳು ನಾನು. ನನಗೆ ಅದು ವಾಸನೇನೇ ಅಲ್ಲ. ಗಾಳಿ. ಲಂಡನ್ನಿನಲ್ಲೇ ಚುರುಕು ಮೂಗಿನ ಹುಡುಗಿಗೆ ಗೊತ್ತಾಗದೇ ಇರೋ ವಾಸನೆ ಪ್ರಪಂಚದಲ್ಲಿ ಒಂದೇ ಒಂದಿದೆ, ಅದನ್ನ ಹುಡುಕಿ, ಕತ್ತರಿಸಿ, ನಲವತ್ತೆಂಟು ಗ್ಲಾಸಿಗೆ ನಾನೇ ಬಳಿದಿದ್ದೆ.

"ಏನಂದ್ರು ಅವರು?" ಅಂತ ಬಾಸ್ ಕೇಳಿದ್ರು.

ಇಲ್ಲಿ ನಿಮಗೆ ನಿಜ ಹೇಳ್ಬಿಡ್ತೀನಿ, ಹೇಗೂ ನಂಬಲ್ಲ. ಆ ರೂಮಲ್ಲಿ ಎರಡೂ ಭಾಷೆ ಬರ್ತಿದ್ದಿದ್ದು ನನಗೊಬ್ಬಳಿಗೇ. ಅರ್ಧ ಸೆಕೆಂಡಲ್ಲಿ ಲೆಕ್ಕ ಹಾಕಿದೆ. ಭಟ್ರು ಹೇಳಿದ್ದು ಹೇಳಿದ್ರೆ ನನ್ನ ಮೂಗು, ನನ್ನ ಅರಮನೆ, ನನ್ನ ಕೆಲಸ, ಮೂರೂ ಹೋಗತ್ತೆ.

"ಹಳೇ ಚರ್ಚ್ ಥರ ವಾಸನೆ ಬರ್ತಿದೆ ಅಂತಾರೆ" ಅಂದೆ.

ಬಾಸ್‌ಗೆ ಒಂದು ಸಮಾಧಾನ ಆದ ಹಾಗೆ ಕಾಣಿಸ್ತು. "ಹಾಗಾದ್ರೆ ಅವರಿಗೂ ಬರ್ತಿದೆ. ನನ್ನ ಮೂಗಲ್ಲ" ಅಂದ್ರು. ಅದು ಮುಗಿಯೋದ್ರೊಳಗೇ ಮುಖ ಮತ್ತೆ ಇಳೀತು. "ಹಾಗಾದ್ರೆ ವೈನು. ಗೋಡೌನಲ್ಲಿ ಎರಡನ್ನೂ ಒಟ್ಟಿಗೇ ಇಟ್ಟಿದ್ದೆ, ಗ್ಲಾಸಿಗೂ ಹತ್ತಿದೆ. ಅಂದ್ರೆ ಅಷ್ಟೂ ಕೆಟ್ಟಿದೆ. ಅಲ್ಲಿಂದಾನೇ ಕೆಟ್ಟು ಬಂದಿದೆ."

ಫೋನ್ ತೆಗೆದ್ರು. ಕನ್ನಡಕ ಹಾಕ್ಕೊಂಡು ನಂಬರ್ ಹುಡುಕಿದ್ರು.

"ಯಾರಿಗೆ?" ಅಂದೆ.

"ತಾತನಿಗೆ. ಓನರ್ ಮುಂದೆ ಕೆಟ್ಟ ವೈನ್ ಇಡೋ ಬದಲು ಕ್ಯಾನ್ಸಲ್ ಮಾಡ್ತೀನಿ. ತಾತನಿಗೂ ಹೇಳ್ಬೇಕಲ್ಲ, ಈ ವರ್ಷ ನಿಮ್ಮ ವೈನ್ ಹಾಳಾಗಿದೆ, ಇನ್ನು ನಾನು ತಗೊಳ್ಳಲ್ಲ ಅಂತ." ನಂಬರ್ ಒತ್ತಿದ್ರು. "ಹೇಗೆ ಹೇಳೋದೋ."

ನಾನು ಆ ತಾತನ್ನ ಒಂದ್ಸಲ ವಿಡಿಯೋ ಕಾಲಲ್ಲಿ ನೋಡಿದ್ದೆ. ಮೈಕೊರೆಯೋ ಚಳೀಲಿ ಒಂದೊಂದು ಗೊಂಚಲನ್ನ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇನ್ನೂ ಆಗಿಲ್ಲ ಅಂತ ಬಿಟ್ಟು ಮುಂದೆ ಹೋಗ್ತಿದ್ರು. ಆ ಮನುಷ್ಯನಿಗೆ ನಮ್ಮಜ್ಜಿ ನುಸಿಗುಳಿಗೆಯಿಂದ ಕೆಟ್ಟ ಹೆಸರು.

ಫೋನ್ ರಿಂಗಾಗೋಕೆ ಶುರುವಾಯ್ತು. ನನಗೆ ಕೇಳಿಸ್ತಿತ್ತು.

"ನಾನೇ" ಅಂದೆ. "ಕಟ್ ಮಾಡಿ. ನಾನೇ ಮಾಡಿದ್ದು. ಫೋನ್ ಕಟ್ ಮಾಡಿ ಪ್ಲೀಸ್."

ಬ್ಯಾಗಿಂದ ಚೀಲ ತೆಗೆದು ಪಂಚೆ ಚೂರು ಅವರ ಕೈಗೆ ಕೊಟ್ಟೆ. ಅಪ್ಪನ ಪಂಚೆ, ಅಜ್ಜಿ ಉಂಡೆ, ಅರಮನೆ ಸುಳ್ಳು, ಲೇಬಲ್ ಕಾಣಿಸಿದ್ದು, ಚರ್ಚ್, ಎಲ್ಲಾ ಒಂದೇ ಉಸಿರಲ್ಲಿ ಹೇಳ್ಬಿಟ್ಟೆ. ಭಟ್ರು ಬಾಗಿಲ ಹತ್ರ ನಿಂತು ಒಂದಕ್ಷರ ಅರ್ಥ ಆಗದೇ ಇದ್ರೂ ಎಲ್ಲಾ ಅರ್ಥ ಆದವರ ಥರ ತಲೆ ಆಡಿಸ್ತಿದ್ರು.

ಬಾಸ್ ಆ ಚೂರನ್ನ ಮೂಗಿಗೆ ಹಿಡಿದ್ರು. ಉದ್ದಕ್ಕೆ ಉಸಿರೆಳೆದ್ರು. ಇನ್ನೊಂದ್ಸಲ. ಬೈತಾರೆ ಅಂತ ಕಾಯ್ತಿದ್ದೆ. ಅವರು ಪಂಚೇನ ಮುಖಕ್ಕೆ ಒತ್ಕೊಂಡು ನಗೋಕೆ ಶುರು ಮಾಡಿದ್ರು. ನಗ್ತಾ ನಗ್ತಾ ಅದರಲ್ಲೇ ಕಣ್ಣು ಒರೆಸ್ಕೊಂಡ್ರು.

"ನನ್ನ ಮೂಗು ಸರಿ ಇದೆ" ಅಂದ್ರು. "ದೇವ್ರೇ, ನನ್ನ ಮೂಗು ಚೆನ್ನಾಗೇ ಇದೆ." ಆಮೇಲೆ ನಗು ನಿಂತ್ಹೋಯ್ತು. "ಸುಳ್ಳು ಹೇಳಿದ್ದಕ್ಕೆ ನಿನ್ನ ಜೊತೆ ಆಮೇಲೆ ಮಾತಾಡ್ತೀನಿ. ಎಷ್ಟು ಹೊತ್ತಿದೆ?"

ಒಂದೂಮುಕ್ಕಾಲು. ಮೂರಕ್ಕೆ ಎಂಟು ಜನ ಬರ್ತಾರೆ.

ನುಸಿಗುಳಿಗೆ ವಾಸನೆ ಬರೀ ನೀರಿಗೆ ಹೋಗಲ್ಲ. ಸೋಪ್ ಹಾಕಿದ್ರೆ ಸೋಪಿನ ವಾಸನೆ ಉಳಿಯತ್ತೆ. ಬಾಸ್ ಹೇಳಿದ್ರು, ಬಿಸಿನೀರಿಗೆ ಅಡುಗೆ ಸೋಡ ಹಾಕಿ ಅದ್ದಿ ಇಡೋದು, ಮೂರು ಸಲ ಬರೀ ಬಿಸಿನೀರಲ್ಲಿ ಜಾಲಿಸೋದು, ಆಮೇಲೆ ಹಬೆ ಹಿಡಿಯೋದು. ಹಬೆಗೆ ಏನು ಮಾಡೋದು ಅಂತ ನಾನು ಭಟ್ರಿಗೆ ಕೇಳಿದೆ. ಅವರು ಇಡ್ಲಿ ಅಟ್ಟ ತೋರಿಸಿದ್ರು. ಐವತ್ತು ಇಡ್ಲಿ ಬೇಯೋ ಪಾತ್ರೆ. ತಟ್ಟೆ ಎಲ್ಲ ತೆಗೆದು, ಹೊಸ ನೀರು ಹಾಕಿ, ಕೊತಕೊತ ಕುದಿಸಿ ಕೊಟ್ರು.

"ಇಡ್ಲಿ ಬಟ್ಟೆ ಬೇಕಾ ಒರೆಸ್ಲಿಕ್ಕೆ?" ಅಂದ್ರು.

"ಬೇಡ!" ಅಂತ ನಾನೂ ಬಾಸೂ ಒಟ್ಟಿಗೇ ಕೂಗಿದ್ವಿ. ಬಾಸ್‌ಗೆ ಕನ್ನಡ ಬರಲ್ಲ, ಆದ್ರೆ ಆ ಬಟ್ಟೆಯ ಹುಳಿ ವಾಸನೆ ಬಂದಿತ್ತು.

ಕೊನೆಗೆ ಅಡುಗೆಮನೆಯ ನೀಲಿ ಪೇಪರ್ ರೋಲೇ ಗತಿ. ಬಾಸ್ ಜಾಲಿಸೋದು, ನಾನು ಕೆಳಗೆ ಇಡ್ಲಿ ಅಟ್ಟದ ಮೇಲೆ ಗ್ಲಾಸ್ ಬೋರಲು ಹಿಡಿಯೋದು, ಪೇಪರಲ್ಲಿ ಒರೆಸೋದು, ಟ್ರೇ ಹೊತ್ಕೊಂಡು ಮೆಟ್ಟಿಲು ಹತ್ತೋದು. ಹದಿನೇಳು ಮೆಟ್ಟಿಲು. ಪ್ರತಿ ಟ್ರೇಗೂ ಎರಡು ಮೆಟ್ಟಿಲು ಜಾಸ್ತಿ ಆಗ್ತಿತ್ತು. ಮುಖಕ್ಕೆ ಹಬೆ ಹೊಡೆದು ಕೂದಲು ತೊಟ್ಟಿಕ್ಕುತ್ತಿತ್ತು. ನಾವಿಬ್ಬರೂ ಮಾತೇ ಆಡ್ಲಿಲ್ಲ. ನನಗೆ ಮಾತಾಡದೇ ಸುಸ್ತಾಗಿದ್ದು ಜೀವನದಲ್ಲಿ ಅದೇ ಮೊದಲು.

ನಲವತ್ತೊಂದನೇ ಗ್ಲಾಸು. ಬಟ್ಟೆ ಆಗಿದ್ರೆ ಜಾರ್ತಿತ್ತು, ಪೇಪರ್ ಹಿಡ್ಕೊಂಡ್ಬಿಡ್ತು. ಬಟ್ಟಲು ಒಂದು ಕಡೆ ತಿರುಗಿತು, ಕಾಲು ಇನ್ನೊಂದು ಕಡೆ ತಿರುಗಿತು, ಟಕ್ ಅಂತು. ಎಡಗೈ ತೋರುಬೆರಳು ಸೀಳಿತು. ಫ್ರೆಂಡ್ಸಿಗೆ ಮೂಳೆ ಕಾಣಿಸ್ತು ಅಂತ ಹೇಳಿದೀನಿ. ಕಾಣಿಸ್ಲಿಲ್ಲ. ರಕ್ತ ಮಾತ್ರ ಸಿಂಕ್ ತುಂಬ. ಬಾಸ್ ಬಂದು ತಣ್ಣೀರಲ್ಲಿ ಹಿಡಿಸಿ, ಬಟ್ಟೆ ಸುತ್ತಿ, ಮೇಲೆ ಅಡುಗೆಮನೆಯ ನೀಲಿ ಪ್ಲಾಸ್ಟರ್ ಹಾಕಿ, ನಾನು ಕೂತಿದೀನಿ ಅಂತ ಗ್ಯಾರಂಟಿ ಮಾಡ್ಕೊಂಡು ಫೋನ್ ಹಿಡಿದು ಹೊರಗೆ ಹೋದ್ರು. ಓನರ್‌ಗೆ ಮಾಡ್ತಿರಬೇಕು ಅನ್ಕೊಂಡೆ. ಉಳಿದ ಏಳನ್ನ ಭಟ್ರೇ ಒರೆಸಿದ್ರು.

ಮೂರಕ್ಕೆ ಐದು ನಿಮಿಷ ಇದ್ದಾಗ ಬಾಸ್ ಒಂದು ಗ್ಲಾಸಿಗೆ ವೈನ್ ಸುರಿದು ಮೂಸಿದ್ರು. ಹೆಬ್ಬೆರಳು ಎತ್ತಿದ್ರು, ಅಷ್ಟೇ.

ಓನರ್ ಬಂದ್ರು. ಹಣೇಲಿ ಸಣ್ಣ ಕುಂಕುಮ, ಮೇಲೆ ಸೂಟು. ಹಿಂದೆ ಏಳು ಜನ. ಎಲ್ಲರೂ ಊಟ ಮುಗಿಸಿ ಬಂದಿದ್ರು, ಎಲ್ಲರಿಗೂ ನಿದ್ದೆ. ಬಾಸ್ ಇಂಗ್ಲಿಷಲ್ಲಿ ಮಣ್ಣು, ಇಳಿಜಾರು, ಆಮ್ಲ ಅಂತ ಶುರು ಮಾಡಿದ್ರು. ಒಬ್ಬರು ಫೋನ್ ನೋಡ್ತಿದ್ರು. ಇನ್ನೊಬ್ಬರ ಕಣ್ಣು ಮುಚ್ಚಿತ್ತು, ರುಚಿಗಲ್ಲ. ಮೊದಲನೇ ವೈನಿಗೆ ಓನರ್ "ನೈಸ್" ಅಂದ್ರು. ಎರಡನೇದಕ್ಕೂ "ನೈಸ್". ಬಾಸ್ ಧ್ವನಿ ತೆಳ್ಳಗಾಗ್ತಾ ಹೋಯ್ತು. ಬೆಳಗ್ಗಿಂದ ಅವರೂ ಏನೂ ತಿಂದಿರಲಿಲ್ಲ.

ಆವಾಗ ಓನರ್ ನನ್ನ ಕಡೆ ತಿರುಗಿದ್ರು. "ನೀನು ಭಟ್ರ ಹತ್ರ ಕನ್ನಡ ಮಾತಾಡ್ತಿದ್ಯಲ್ಲ. ಯಾವೂರಮ್ಮ? ಯಾರ ಮಗಳು?"

ಈ ಪ್ರಶ್ನೆಗೆ ಉತ್ತರ ಕೊಟ್ರೆ ಭಾನುವಾರದೊಳಗೆ ಅಮ್ಮನಿಗೆ ತಲುಪತ್ತೆ. "ಅದಿರ್ಲಿ ಅಂಕಲ್, ಇದು ಯಾವೂರ ದ್ರಾಕ್ಷಿ ಅಂತ ಕೇಳಿ" ಅಂದೆ. ಮೂರನೇ ಗ್ಲಾಸ್ ಅವರ ಮುಂದೆ ಇಟ್ಟೆ. ಬಾಸ್ ಕಡೆ ನೋಡಿದೆ. ಅವರು ಸುಸ್ತಾಗಿ ಕೈ ಬೀಸಿದ್ರು, ಮಾಡು ಅಂತ.

ಮಾಡಿದೆ. "ಹೀರೇಕಾಯಿ ಚಪ್ಪರ ನೋಡಿದೀರಲ್ಲ ಅಂಕಲ್, ಹಾಗೆ ಈ ಬಳ್ಳೀನ ಎತ್ತರಕ್ಕೆ ಹಬ್ಬಿಸ್ತಾರೆ. ಕೆಳಗಿದ್ರೆ ಮಂಜು ಬಿದ್ದು ಚಿಗುರು ಸುಟ್ಹೋಗತ್ತೆ. ಎಲ್ಲರೂ ದ್ರಾಕ್ಷಿ ಕಿತ್ತು ಮನೆಗೆ ಹೋದ್ಮೇಲೂ ಇದನ್ನ ಕೀಳಲ್ಲ. ಒಣದ್ರಾಕ್ಷಿ ಆಗೋಕೆ ಇನ್ನು ಸ್ವಲ್ಪ ಬಾಕಿ ಅನ್ನೋವಾಗ ಒಂದೊಂದೇ ನೋಡಿ ಕೀಳ್ತಾರೆ. ಸಿಹಿ ಆಗಿರತ್ತೆ, ಆದ್ರೂ ಹುಳಿ ಬಿಟ್ಟಿರಲ್ಲ. ಇನ್ನೊಂದು ಕೇಳಿ. ನಮ್ಮಲ್ಲಿ ಮಗು ಹುಟ್ಟಿದ್ರೆ ಬಜೆ ತೇಯ್ದು ನೆಕ್ಕಿಸ್ತಾರಲ್ಲ? ಅಲ್ಲಿ ಒಬ್ಬ ರಾಜ ಹುಟ್ಟಿದಾಗ ಬೆಳ್ಳುಳ್ಳೀನೂ ಈ ವೈನನ್ನೂ ತುಟಿಗೆ ಸವರಿದ್ರಂತೆ."

"ಬೆಳ್ಳುಳ್ಳಿ!" ಅಂದ್ರು ಕಣ್ಣು ಮುಚ್ಚಿದ್ದವರು. ಕಣ್ಣು ತೆರೆದಿತ್ತು.

"ಕುಡೀಬೇಡಿ ಇನ್ನೂ" ಅಂದೆ. "ಭಟ್ರೇ, ಅನಾನಸ್ ಗೊಜ್ಜು ಇದೆಯಾ?"

ಇತ್ತು. ಬಂತು. ಬೆಲ್ಲ, ಹುಣಸೆ, ಎಳ್ಳು, ಮೆಣಸಿನಕಾಯಿ. ಮೊದಲು ಒಂದು ಚಮಚ ಗೊಜ್ಜು, ಆಮೇಲೆ ಒಂದು ಗುಟುಕು ಅಂದೆ. ನಾನು ಇವೆರಡನ್ನ ಒಟ್ಟಿಗೆ ರುಚಿ ನೋಡಿರಲಿಲ್ಲ, ವೈನನ್ನೇ ನೋಡಿರಲಿಲ್ಲ. ಮೂಸಿದಾಗ ಅನಾನಸ್ ಅಂತ ನಾನು ಹೇಳಿದ್ದು ಮಾತ್ರ ತಪ್ಪೊಪ್ಕೊಳ್ಳೋ ಮುಂಚೆ ಆ ದಿನ ಹೇಳಿದ ನಿಜ. ಅದರ ಮೇಲೆ ಬಾಜಿ ಕಟ್ಟಿದೆ.

ಓನರ್ ಗೊಜ್ಜು ತಿಂದ್ರು. ಒಂದು ಗುಟುಕು ಕುಡಿದ್ರು. ಮತ್ತೆ ಗೊಜ್ಜು. ಮತ್ತೆ ಗುಟುಕು.

"ಏನ್ರೋ ಇದು" ಅಂದ್ರು ಪಾರ್ಟ್ನರ್‌ಗಳಿಗೆ, ಮೆತ್ತಗೆ. "ಒಂದಕ್ಕೊಂದು ಜಗಳ ಆಡ್ತಾ ಇದಾವೆ, ಆದ್ರೆ ಒಂದೇ ಮನೆಯವು."

ಏಳು ಚಮಚ ಒಟ್ಟಿಗೇ ಗೊಜ್ಜಿಗೆ ಇಳಿದ್ವು. ನಾಲ್ಕನೇ ವೈನಿಗೆ ಯಾರೂ ನೈಸ್ ಅನ್ಲಿಲ್ಲ, ಇನ್ನೊಂದ್ಚೂರು ಹಾಕಿ ಅಂದ್ರು. ಐದನೇದು ಬರೋ ಹೊತ್ತಿಗೆ ಒಬ್ಬರು ಕಾಯಿ ಹೋಳಿಗೆ ಜೊತೆ ಹೇಗಿರತ್ತೆ ಅಂತ ಕೇಳ್ತಿದ್ರು, ಇನ್ನೊಬ್ಬರು ಹುಳಿಯನ್ನಕ್ಕೆ ಮೊದಲನೇದೇ ಸರಿ ಅಂತ ವಾದ ಮಾಡ್ತಿದ್ರು. ಓನರ್ ಜೇಬಿಂದ ಹೊಸ ಮೆನುವಿನ ಕರಡು ತೆಗೆದು ಬಿಚ್ಚಿದ್ರು, ಪೆನ್ ತೆಗೆದ್ರು. "ಸೋಮವಾರ ಪ್ರಿಂಟಿಗೆ ಹೋಗತ್ತೆ. ಮೂರು ಹೋಟ್ಲಿಗೂ. ಹೆಸರು ಹೇಗಮ್ಮ ಬರೆಯೋದು?"

ನಾನು ಹೇಳ್ದೆ. ಅವರು ಗೊಜ್ಜಿನ ಸಾಲಿನ ಪಕ್ಕದಲ್ಲಿ ಒಂದೊಂದೇ ಅಕ್ಷರ ಬರೆದ್ರು. ಬಾಸ್ ಗೋಡೆಗೆ ಒರಗಿ ನಿಂತಿದ್ರು. ಭಾಷೆ ಗೊತ್ತಿಲ್ಲದೇ ಇದ್ರೂ ಪೆನ್ ಗೊತ್ತಾಗತ್ತಲ್ಲ. ಅವರ ಹೆಗಲು ಬೆಳಗ್ಗಿಂದ ಮೊದಲನೇ ಸಲ ಕೆಳಗಿಳಿದಿತ್ತು. ನಾನು ನನ್ನ ಭಾಷಣದ ಎರಡನೇ ಭಾಗಕ್ಕೆ ಗ್ಲಾಸ್ ಎತ್ತಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದೆ.

ಬಾಗಿಲು ತೆಗೀತು.

"ಎಲ್ಲಿ ಬೆರಳು?"

ಅಮ್ಮ. ಆಸ್ಪತ್ರೆ ಐಡಿ ಇನ್ನೂ ಕತ್ತಲ್ಲಿ. ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದವಳು ಎದ್ದು ಬಂದಿದ್ಲು, ಕೆನ್ನೆ ಮೇಲೆ ದಿಂಬಿನ ಗೆರೆ. ಬಾಸ್ ಫೋನ್ ಮಾಡಿದ್ದು ಓನರ್‌ಗಲ್ಲ. ಹದಿನೆಂಟು ತುಂಬದವರಿಗೆ ಕೆಲಸದಲ್ಲಿ ಪೆಟ್ಟಾದ್ರೆ ಮನೆಯವರಿಗೆ ಹೇಳೋದೇ ಸರಿ ಅಂತ ನನ್ನ ಫಾರಂ ತೆಗೆದು ನೋಡಿ ಮಾಡಿದ್ರು. ಒಳ್ಳೆಯವರ ಜೊತೆ ಕೆಲಸ ಮಾಡಿದ್ರೆ ಇದೇ ತೊಂದರೆ.

ನಾನು ಬಾಯಿ ತೆಗೆಯೋ ಮುಂಚೆ ಓನರ್ ಎದ್ದು ನಿಂತ್ರು. "ಡಾಕ್ಟ್ರಮ್ಮ! ನಮಸ್ಕಾರ, ನಮಸ್ಕಾರ. ಇವಳು ನಿಮ್ಮ ಮಗಳಾ?" ಬಲಗೈ ನಮಸ್ಕಾರಕ್ಕೆ ಏಳೋವಾಗ ಎಡಗೈ ಗ್ಲಾಸನ್ನ ನೀರಿನ ಜಗ್ಗಿನ ಹಿಂದಕ್ಕೆ ತಳ್ತಿತ್ತು. ನಾನು ನೋಡ್ತಾ ಇದ್ದ ಹಾಗೇ ಉಳಿದ ಏಳು ಜನರ ಕೈಲಿದ್ದ ಗ್ಲಾಸೂ ಮಾಯ. ಒಂದು ಕುರ್ಚಿ ಕೆಳಗೆ, ಒಂದು ಪರದೆ ಹಿಂದೆ. ಒಬ್ಬರು ತೊಡೆ ಮೇಲೆ ನ್ಯಾಪ್ಕಿನ್ ಮುಚ್ಚಿದ್ರು.

"ಸುಮ್ನೆ ಇವರು ಬಂದಿದ್ರಲ್ಲ ಅಂತ ವಾಸನೆ ನೋಡ್ತಿದ್ವಿ ಅಷ್ಟೇ" ಅಂದ್ರು ಓನರ್. "ನಮ್ದು ಫ್ಯಾಮಿಲಿ ಹೋಟ್ಲು ಡಾಕ್ಟ್ರೇ, ನಿಮಗ್ಗೊತ್ತಲ್ಲ. ಹಬ್ಬಕ್ಕೆ ನೀವೆಲ್ಲ ಬರೋ ಜಾಗ. ಇಂಥದ್ದೆಲ್ಲ ಇಡಲ್ಲ ಅಂತ ಈಗಷ್ಟೇ ಹೇಳಿದೆ. ಅಲ್ವೇನ್ರೋ?"

ಏಳು ತಲೆ ಆಡಿದ್ವು. ಮೆನು ಮೇಜಿನ ಮೇಲೇ ಬಿಚ್ಚಿತ್ತು, ಅಮ್ಮನ ಕಡೆ ಮುಖ ಮಾಡಿ. ಅವರು ಪೆನ್ ತಗೊಂಡು ಗೊಜ್ಜಿನ ಪಕ್ಕದ ಸಾಲನ್ನ ಉದ್ದಕ್ಕೆ ಹೊಡೆದು ಹಾಕಿದ್ರು. ಕಾಣಿಸ್ಲಿ ಅಂತ ಎರಡು ಸಲ.

ಬಾಸ್ ಅದನ್ನ ನೋಡಿದ್ರು. ಟೇಬಲ್ ಹತ್ರ ಬಂದು, ಕಾರ್ಕ್ ಎತ್ಕೊಂಡು, ಒಂದೊಂದಾಗಿ ಬಾಟ್ಲಿ ಮುಚ್ಚೋಕೆ ಶುರು ಮಾಡಿದ್ರು.

ಅಮ್ಮ ಮೆನು ನೋಡ್ಲೂ ಇಲ್ಲ, ಗ್ಲಾಸ್ ನೋಡ್ಲೂ ಇಲ್ಲ. ನನ್ನ ಕೈ ಹಿಡಿದು ಕಿಟಕಿ ಹತ್ರ ಎಳ್ಕೊಂಡು ಹೋಗಿ, ನೀಲಿ ಪ್ಲಾಸ್ಟರ್ ಬಿಚ್ಚಿ, ಬೆರಳನ್ನ ಆ ಕಡೆ ಈ ಕಡೆ ಮಡಿಸಿ ನೋಡಿದ್ಲು.

"ಸ್ಟಿಚ್ ಬೇಡ" ಅಂದ್ಲು. ಆಮೇಲೆ, ಇಡೀ ರೂಮಿಗೆ ಕೇಳೋ ಹಾಗೆ, "ಲೈಬ್ರರೀಲಿ ಗ್ಲಾಸ್ ಒಡೀತಾ?"

ನನಗೆ, ಒಂದೇ ಒಂದು ಸುಳ್ಳೂ ಹೊಳೀಲಿಲ್ಲ. ನಂಬಲ್ಲ ಅಂತ ಹೇಳಿದ್ನಲ್ಲ.

"ಕೋಟ್ ಹಾಕ್ಕೋ."

ಹಾಕ್ಕೊಂಡೆ. ಒಂದು ಕೈಯಲ್ಲಿ ಗುಂಡಿ ಹಾಕೋಕಾಗ್ಲಿಲ್ಲ. ಆ ಎಂಟು ಜನರ ಮುಂದೆ, ಭಟ್ರ ಮುಂದೆ, ಬಾಸ್ ಮುಂದೆ, ಅಮ್ಮ ನನ್ನ ಕೋಟಿಗೆ ಒಂದೊಂದೇ ಗುಂಡಿ ಹಾಕಿದ್ಲು, ಕತ್ತಿನ ತನಕ.